ಮಲಗಿರು ಎಂಬ ಓಲೆ

ಸೇವಂತಿಗೆ ಗಿಡದ ತುದಿಕುಡಿ ದಿನವೂ ಎಲೆಯ ಕಂಕುಳಲ್ಲಿದ್ದ ಮೊಗ್ಗಿಗೆ ರಸದಲ್ಲಿ ಓಲೆ ಕಳಿಸುತ್ತಿತ್ತು: "ಮಲಗಿರು." ಮೊಗ್ಗಿನೊಳಗಿನ ಕಾವಲುಗಾರ ಅದನ್ನೋದಿ ಬೀಗ ಹಾಕುತ್ತಿದ್ದ. ಒಂದು ಬೆಳಿಗ್ಗೆ ಯಾರೋ ಆ ತುದಿಯನ್ನು ಚಿವುಟಿದರು. ನಾನಲ್ಲ, ನನ್ನ ಉಗುರು ಹುಟ್ಟಿನಿಂದಲೇ ಹಸಿರು. ಓಲೆ ಬರಲಿಲ್ಲ.

"ಬಾಗಿಲು ತೆಗೆಯಪ್ಪಾ, ಗಿಡಕ್ಕೆ ತಲೆಯೇ ಇಲ್ಲ! ನಾನು ಚಿಗುರದಿದ್ದರೆ ಈ ವರ್ಷ ಹೂವೇ ಇಲ್ಲ," ಎಂದು ಮೊಗ್ಗು ಬಾಗಿಲು ಬಡಿಯಿತು.

"ಏಳು ಎಂಬ ಓಲೆ ಬರಲಿ, ತಾಯಿ. ಅಪ್ಪಣೆಯಿಲ್ಲದೆ ತೆಗೆದರೆ ನನ್ನ ಗತಿ?"

"ಅಂಥ ಓಲೆ ಎಂದಾದರೂ ಬಂದಿತ್ತೇ? ಮಲಗು ಎನ್ನುವವರು ಸುಮ್ಮನಾದರೆ ಅದೇ ಅಪ್ಪಣೆ."

ಕಾವಲುಗಾರ ಬೆವರುತ್ತ ಬೀಗ ತೆಗೆದ. ಮೊಗ್ಗು ಚಿಗುರಿ, ತಾನೇ ತುದಿಯಾಗಿ, ಕೆಳಗಿನ ತಂಗಿಮೊಗ್ಗಿಗೆ ಮೊದಲ ಓಲೆ ಕಳಿಸಿತು: "ಮಲಗಿರು."

ಯಾಕೋ ನನ್ನ ಕೈ ಮತ್ತೆ ತುರಿಸುತ್ತಿದೆ.