ಕೊಳದ ದಂಡೆಗೆ ಬೂಚ ನೆಟ್ಟ ಗಿಡ

ಹೂಂಗುಟ್ಟೋರು ಇದ್ದರೆ ಹೇಳ್ತೀನಿ, ಕೇಳಿ. ಒಂದೂರಲ್ಲಿ ಬೂಚ ಅಂತ ಒಬ್ಬ ಇದ್ದ. ಆಳು ನೋಡಿದರೆ ಆನೆ, ಬುದ್ಧಿಗೆ ಮಾತ್ರ ಇನ್ನೂ ಬೋಣಿಯೇ ಆಗಿರಲಿಲ್ಲ! ಅವನವ್ವ ಗಿರಿಯವ್ವ ಪಟೇಲರ ಮನೆ ತೋಟ ನೋಡಿಕೊಂಡು ಅವನ ಹೊಟ್ಟೆ ತುಂಬಿಸ್ತಿದ್ದಳು.

ಪಟೇಲರ ಹೆಂಡತಿ ಸಾಕಮ್ಮನೋರು ಆಸೆಪಟ್ಟು ತೋಟದಲ್ಲೊಂದು ಕೊಳ ತೋಡಿಸಿದರು. ಮಳೆ ಬಂತೋ, ದಂಡೆ ಕುಸೀತು, ನೀರೆಲ್ಲ ರಾಡಿ!

"ದಂಡೆಗೆ ಗಿಡ ಹಾಕು ಗಿರಿ. ಆಗದಿದ್ರೆ ಹೇಳು, ಬೇರೆಯವರನ್ನ ನೋಡ್ಕೋತೀನಿ" ಅಂದರು.

ಅದೇ ಹೊತ್ತಿಗೆ ಗಿರಿಯವ್ವನ ಕಾಲು ಉಳುಕಬೇಕೆ! ಗತಿಯಿಲ್ಲದೆ ಮಗನನ್ನ ಕರೆದಳು.

"ಬೂಚಾ, ನೀರು ಅಂದ್ರೆ ಪ್ರಾಣ ಬಿಡೋ ಗಿಡ ನೋಡಿ, ದಂಡೆ ಸುತ್ತ ನೆಟ್ಟು ಬಾ ಮಗಾ."

"ಆಗಲಿ ಕಣವ್ವಾ!"

ದಾರೀಲಿ ಸಿಕ್ಕಿದವರನ್ನೆಲ್ಲ ಕೇಳಿದ. "ನೀರು ಬಿದ್ರೆ ಪ್ರಾಣ ಬಿಡೋ ಗಿಡ ಯಾವುದ್ರಪ್ಪಾ?"

"ಕಳ್ಳಿ ಕಣೋ. ನೀರು ಜಾಸ್ತಿಯಾದ್ರೆ ಕೊಳೆತು ಸಾಯ್ತದೆ."

ಗಾಡಿ ತುಂಬ ಪಾಪಾಸುಕಳ್ಳಿ ತಂದ, ನೆಟ್ಟ. ಸಂಜೆ ಕಾಲು ತೊಳೆಯೋಕೆ ಬಂದ ಸಾಕಮ್ಮನೋರು "ಅಯ್ಯಯ್ಯೋ!" ಅಂತ ಒಂಟಿ ಕಾಲಲ್ಲಿ ಕುಣಿದರು.

ಗಿರಿಯವ್ವ ಹಣೆ ಚಚ್ಚಿಕೊಂಡಳು. "ಪೆದ್ದು ಮುಂಡೇದೇ! ಲಾವಂಚ ನೆಡೋ. ಬೇರು ಮಣ್ಣು ಹಿಡೀತೋ ಇಲ್ವೋ ಅಂತ ನೋಡ್ತಾ ಇರು."

"ಆಗಲಿ ಕಣವ್ವಾ!"

ಲಾವಂಚ ತಂದ, ನೆಟ್ಟ. ಕಿತ್ತ, ನೋಡಿದ. ಹಿಡಿದಿಲ್ಲ! ಮತ್ತೆ ನೆಟ್ಟ, ಮತ್ತೆ ಕಿತ್ತ, ನೋಡಿದ. ಹಿಡಿದಿಲ್ಲ! ಹೊತ್ತು ಮುಳುಗೋದರೊಳಗೆ ಗಿಡವೆಲ್ಲ ಬಾಡಿ ಬತ್ತಿಯಾದವು.

"ನಾಳೆ ಒಂದಿನ ನೋಡ್ತೀನಿ ಅಷ್ಟೇ!" ಅಂತ ಸಾಕಮ್ಮನೋರು ಹೇಳಿ ಕಳಿಸಿದರು.

ಗಿರಿಯವ್ವನಿಗೆ ಅಳುವೇ ಬಂತು. "ನನ್ನ ಕರ್ಮವೇ! ನೆಟ್ಟಿದ್ದನ್ನ ಕೀಳ್ತಾರೇನೋ? ಮಣ್ಣಿಗಿಳಿದ ಮೇಲೆ ಏನೇ ಆಗಲಿ, ಕೀಳಬಾರದು! ಬುಡಕ್ಕೆ ಮಣ್ಣು ಹಾಕು, ಗಟ್ಟಿಯಾಗಿ ತುಳಿ, ತಲೆ ಮೇಲೆ ನೀರು ಹುಯ್ಯಿ. ತಿಳೀತಾ?"

"ತಿಳೀತು ಕಣವ್ವಾ!"

ನಿಜವಾಗಿಯೂ ತಿಳಿದಿತ್ತು. ಬೆಳಗಾಗೆದ್ದು ಹೊಸ ಲಾವಂಚ ಸಾಲಾಗಿ ನೆಟ್ಟ, ತುಳಿದ, ನೀರು ಹುಯ್ದ. ಸಾಕಮ್ಮನೋರು ಬಂದು ನೋಡಿದರು. ಮುಖ ಅರಳಿತು.

"ಪರವಾಗಿಲ್ವೋ ಬೂಚಾ! ನಿಮ್ಮವ್ವನಿಗೆ ಹೇಳು, ಕೆಲಸ ಎಲ್ಲೂ ಹೋಗಲ್ಲ ಅಂತ" ಅನ್ನುತ್ತ ಒಂದು ಹೆಜ್ಜೆ ಮುಂದಿಟ್ಟರು ನೋಡಿ, ಪಚಕ್! ಎರಡೂ ಕಾಲು ಮೊಣಕಾಲುದ್ದ ಕೆಸರಲ್ಲಿ!

"ಅಯ್ಯೋ, ಕೀಳೋ ನನ್ನನ್ನ!"

"ಕೀಳಬಾರದು ಅಮ್ಮಾವ್ರೇ!"

ಬುಡಕ್ಕೆ ಮಣ್ಣು ಹಾಕಿದ. ಸುತ್ತ ಗಟ್ಟಿಯಾಗಿ ತುಳಿದ. ತಲೆ ಮೇಲೆ ಕೊಡ ನೀರು ಹುಯ್ದ. ಕುಣೀತಾ ಮನೆಗೆ ಓಡಿಬಂದ.

"ಅವ್ವಾ, ಅಮ್ಮಾವ್ರನ್ನೂ ನೆಟ್ಟು ಬಂದೆ! ಒಂಚೂರೂ ಅಲ್ಲಾಡ್ತಿಲ್ಲ, ಬರೀ ಕೂಗ್ತಾವ್ರೆ!"

ಗಿರಿಯವ್ವ ಉಳುಕು ಮರೆತು, ಸೆರಗು ಸಿಕ್ಕಿಸಿ ತೋಟಕ್ಕೆ ಓಡಿದಳು. ಹಿಂದೆ ಹಿಂದೆ ಬೂಚ, ಗಾಬರಿಯಿಂದ:

"ಅವ್ವಾ, ಕೀಳಬೇಡ ಕಣವ್ವಾ! ಇನ್ನೂ ಬೇರು ಬಿಟ್ಟಿಲ್ಲ!"