ಮೆಟ್ಟಿಲಿಲ್ಲದ ಮನೆ

ತುಂಗಭದ್ರೆಯ ದಡದ ಆಶ್ರಮದಲ್ಲಿ ಅಜ್ಜಯ್ಯ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಶಿಷ್ಯ ಬಕ್ಕೇಶ ಬಂದು ಕಾಲಿಗೆ ಬಿದ್ದ. ಬಿದ್ದಾಗಲೂ ಕೈಯಲ್ಲಿ ಮೊಬೈಲು ಹಾಗೇ ಇತ್ತು. ಈಗಿನ ಶಿಷ್ಯರೇ ಹಾಗೆ, ಬಿಡಿ.

"ಏನಪ್ಪಾ, ಮುಖ ಸಪ್ಪಗಿದೆ?"

"ವೆಬ್‌ಸೈಟ್ ಮುಚ್ಚೋ ಹಂಗಾಗಿದೆ ಅಜ್ಜಯ್ಯಾ."

ಬಕ್ಕೇಶನದು ಮನೆ, ಸೈಟು ತೋರಿಸುವ ವೆಬ್‌ಸೈಟು. ಕೊಳ್ಳುವವರು, ಬಾಡಿಗೆಗೆ ಹುಡುಕುವವರು ಅದರಲ್ಲಿ ಫೋಟೊ ನೋಡಿ ಅವನಿಗೆ ಫೋನ್ ಮಾಡಬೇಕು. ಇದ್ದ ಕೆಲಸ ಬಿಟ್ಟು ಅದನ್ನೇ ನಂಬಿಕೊಂಡಿದ್ದ, ಪಾಪ.

"ಜನ ಒಂದ್ಸಲ ಬರ್ತಾರೆ, ಆಮೇಲೆ ತಿರುಗಿ ನೋಡಲ್ಲ. ಅವರು ಮತ್ತೆ ಮತ್ತೆ ಬರೋ ಹಂಗೆ ಏನಾದ್ರೂ ದಾರಿ ಹೇಳಿ."

"ಒಬ್ರೂ ಬರಲ್ವಾ?"

"ಒಬ್ರು ಬರ್ತಾರೆ. ಹರಿಹರದ ಸರ್ವಮಂಗಳಮ್ಮ ಅಂತ. ದಿನಾ ಬಂದು ಒಂದೇ ಬಾಡಿಗೆ ಮನೆ ನೋಡ್ತಾರೆ. ಅದರ ಬಾಗಿಲಿಗೆ ಮೆಟ್ಟಿಲಿಲ್ಲ. ಅವರ ಯಜಮಾನರು ವೀಲ್‌ಚೇರಲ್ಲಿ ಓಡಾಡೋದು."

"ಒಳ್ಳೇದಾಯ್ತಲ್ಲ. ಆ ಮನೆ ಕೊಡಿಸು."

ಬಕ್ಕೇಶ ತಲೆ ತಗ್ಗಿಸಿ ತಾನೂ ಒಂದು ಅವರೆಕಾಯಿ ಎತ್ತಿಕೊಂಡ. "ಅದು ದಸರಾ ಹೊತ್ತಿಗೇ ಬೇರೆಯವರಿಗೆ ಹೋಯ್ತು ಅಜ್ಜಯ್ಯಾ."

"ಮತ್ತೆ ಫೋಟೊ?"

"ವೆಬ್‌ಸೈಟಿಂದ ತೆಗೆದಿಲ್ಲ. ತೆಗೆದ್ರೆ ಅವರೂ ಬರಲ್ಲ. ಫೋನ್ ಮಾಡಿದಾಗೆಲ್ಲ ಓನರ್ ಊರಲ್ಲಿಲ್ಲ ಅಂತ ಹೇಳ್ತಿದ್ದೆ."

ಅಜ್ಜಯ್ಯ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಈಗಲೇ ಫೋನ್ ಮಾಡು. ಇದ್ದದ್ದು ಇದ್ದ ಹಂಗೆ ಹೇಳು" ಅಂದರು.

ಆ ಕಡೆಯ ದನಿ ಖುಷಿಯಲ್ಲಿತ್ತು. "ಓನರ್ ಬಂದ್ರಾ ಅಣ್ಣಾ? ಮುಂದೆ ಬೇವಿನ ಮರ ಇದೆಯಲ್ಲ, ಅದರ ಕೆಳಗೆ ಕೂತ್ಕೊಂಡು ಪೇಪರ್ ಓದ್ತೀನಿ ಅಂತಿದ್ದಾರೆ ನಮ್ಮನೆಯವರು."

ಬಕ್ಕೇಶ ತೊದಲುತ್ತ ಇದ್ದದ್ದು ಹೇಳಿದ.



"ಮೊದಲೇ ಹೇಳಬಾರದಿತ್ತಾ ಅಣ್ಣಾ? ಈ ಮಹಡಿ ಮನೆಯಿಂದ ಅವರು ಕೆಳಗಿಳಿದೇ ತಿಂಗಳುಗಟ್ಟಲೆ ಆಯ್ತು. ಬೇರೆ ಕಡೆ ಹುಡುಕ್ಕೊಳ್ತಿದ್ವಲ್ಲ." ಫೋನ್ ಕಟ್ಟಾಯಿತು.

ಬಕ್ಕೇಶನ ಕಣ್ಣು ತುಂಬಿತು. "ಥೂ, ನನ್ನ ಜನ್ಮಕ್ಕೆ!"

"ಅಳೋದು ಆಮೇಲೆ. ಬೈಕ್ ತೆಗಿ" ಅಂದರು ಅಜ್ಜಯ್ಯ, ಚಪ್ಪಲಿ ಮೆಟ್ಟಿಕೊಳ್ಳುತ್ತ.

ಬಿಸಿಲಲ್ಲಿ ಇಬ್ಬರೂ ಹರಿಹರದ ಓಣಿ ಓಣಿ ಸುತ್ತಿದರು. ಕಾವಿ ಉಟ್ಟವರು ಬಾಗಿಲಲ್ಲಿ ನಿಂತು "ಮೆಟ್ಟಿಲಿಲ್ಲದ ಮನೆ ಬಾಡಿಗೆಗೆ ಇದೆಯೇನವ್ವಾ?" ಅಂದರೆ ಜನ ಕಕ್ಕಾಬಿಕ್ಕಿ. ಒಬ್ಬಾಕೆ ಭಿಕ್ಷೆಗೆ ಬಂದಿದ್ದಾರೆಂದು ಅಕ್ಕಿ ತಂದಳು. ಅಜ್ಜಯ್ಯ ಅದನ್ನೂ ಬಿಡಲಿಲ್ಲ. ಜೋಳಿಗೆಗೆ ಹಾಕಿಸಿಕೊಂಡು ಮತ್ತೆ ಮನೆ ಕೇಳಿದರು.

ಹೊತ್ತು ಇಳಿಯುವಾಗ ಎಣ್ಣೆ ಮಿಲ್ಲಿನ ಹಿಂದೆ ಒಂದು ಮನೆ ಸಿಕ್ಕಿತು. ಬಾಗಿಲು ನೆಲದ ಮಟ್ಟಕ್ಕೇ ಇತ್ತು. ಆದರೆ ಪಕ್ಕದಲ್ಲೇ ಚರಂಡಿ. ಬಕ್ಕೇಶ ಅದು ಕಾಣದ ಹಾಗೆ ಓರೆಯಾಗಿ ನಿಂತು ಫೋಟೊ ತೆಗೆಯಲು ಹೋದ.

ಅಜ್ಜಯ್ಯ ಅವನ ಹೆಗಲು ಹಿಡಿದು ಚರಂಡಿಯ ಕಡೆ ತಿರುಗಿಸಿದರು.

"ಇದನ್ನೂ ತೆಗಿ."

ತೆಗೆದ. ಎರಡೂ ಫೋಟೊ ಕಳಿಸಿದ. ಮಾರನೆಯ ದಿನ ಸರ್ವಮಂಗಳಮ್ಮ ಬಂದು ನೋಡಿದರು. ಮೂಗು ಮುಚ್ಚಿಕೊಂಡೇ ಒಪ್ಪಿದರು. ವಾರದೊಳಗೆ ಗಂಡನನ್ನು ಕರೆತಂದು ಹಾಲುಕ್ಕಿಸಿದರು. ಬಕ್ಕೇಶನ ಮೇಲಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಕರೆದು ಒಂದು ಲೋಟ ಹಾಲು ಕೊಟ್ಟರು.

ಬಕ್ಕೇಶ ಅವತ್ತೇ ಕೂತು, ಆಗಲೇ ಬೇರೆಯವರ ಪಾಲಾದ ಮನೆಗಳ ಫೋಟೊ ಎಲ್ಲ ಕಿತ್ತುಹಾಕಿದ. ವೆಬ್‌ಸೈಟು ಬೋಳಾಯಿತು. ಮತ್ತೆ ಹೆದರಿಕೆಯಾಗಿ ಆಶ್ರಮಕ್ಕೆ ಓಡಿ ಬಂದ.

"ಮನಸ್ಸು ಹಗುರಾಗಿದೆ ಅಜ್ಜಯ್ಯಾ. ಆದ್ರೆ ದಿನಾ ಬರ್ತಿದ್ದವರು ಅವರೊಬ್ರೇ. ಮನೆ ಸಿಕ್ತು, ಇನ್ನು ಅವರೂ ಬರಲ್ಲ."

"ಆಕೆ ಯಾಕಪ್ಪಾ ಬರಬೇಕು?" ಅಂದರು ಅಜ್ಜಯ್ಯ. "ನೀನು ಹೋಗು. ನಲ್ಲೀಲಿ ನೀರು ಸರಿಯಾಗಿ ಬರ್ತಿದೆಯಾ, ಕೇಳ್ಕೊಂಡು ಬಾ."