ಓಗೊಡದ ದಡ

"ಗುರುಗಳೇ, ತಲೆಯೊಳಗೆ ನರಕ್ಕೂ ನರಕ್ಕೂ ನಂಟು ಬೆಳೆಯುತ್ತದೆ, ಬಲಿಯುತ್ತದೆ, ಕೊನೆಗೆ ಸವೆಯುತ್ತದೆ ಎಂದು ಕಲಿಸಿದಿರಿ. ನನ್ನನ್ನು ಸಾಕಿದ ಅಕ್ಕನಿಗೆ ಈಗ ನನ್ನ ಹೆಸರೇ ನೆನಪಿಲ್ಲ. ನಂಟು ಸವೆದ ಮೇಲೆ ನಾನು ಹೋಗಿ ಏನು ಫಲ?" ಎಂದು ವೈದ್ಯ ಕಲಿಯುತ್ತಿದ್ದ ನಿಜಗುಣ ಕೇಳಿದ.

ಗುರುಗಳು ಮುಖ ಸಿಂಡರಿಸಿದರು. "ಅಯ್ಯೋ ಪುಣ್ಯಾತ್ಮ, ಕೂತು ಕೇಳು" ಎಂದು ಕತೆ ಹೇಳಿದರು.

ಒಂದು ಹೊಳೆ. ಅದಕ್ಕೊಬ್ಬ ಅಂಬಿಗ. ಹೊಸದರಲ್ಲಿ ಅವನು ಎಲ್ಲಿಂದ ಕೂಗು ಕೇಳಿದರೂ ಹರಿಗೋಲು ನೂಕುತ್ತಿದ್ದ. ಆಚೆ ದಡದಲ್ಲಿ ಹತ್ತಾರು ಕಡೆ ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಬರುಬರುತ್ತ ಓಡಾಟವಿದ್ದ ಒಂದೆರಡು ಜಾಗ ಉಳಿದವು, ಮಿಕ್ಕವನ್ನು ಜಾಲಿ ನುಂಗಿತು. ಕೂಗಿನಲ್ಲೇ ಯಾರು, ಎಷ್ಟು ಮಂದಿ ಎಂದು ಹೇಳುವಷ್ಟು ಅವನು ಪಳಗಿದ. ಆಚೆಯವರು ಕೂಗಬೇಕು, ಇವನು ಓಗೊಡಬೇಕು, ಆಮೇಲೆ ಹರಿಗೋಲು. ಕೂಗು ಬರದೆ ನೀರಿಗಿಳಿಯುವುದಿಲ್ಲ ಎಂಬುದು ಅವನ ಹಟ.

ವಯಸ್ಸಾಯಿತು. ಕಿವಿ ಮೆಲ್ಲಗೆ ಮಂದವಾಯಿತು, ಅದು ಅವನಿಗೇ ಗೊತ್ತಾಗಲಿಲ್ಲ. ಆಚೆಯವರು ಕೂಗಿ ಕೂಗಿ ಸಾಕಾಗಿ, ಎರಡು ಹರದಾರಿ ಸುತ್ತಿ ಸೇತುವೆಯ ಮೇಲೆ ಬರತೊಡಗಿದರು. ಜನಕ್ಕೆ ಹೊಳೆಯೇ ಬೇಡವಾಯಿತು ಎಂದು ಇವನು ಗೊಣಗಿದ.

ಒಂದು ದಿನ ಹೊಳೆ ಏರುತ್ತಿತ್ತು. ಅಂಬಿಗನ ತುಂಬು ಬಸುರಿ ಮಗಳು ಆಚೆ ದಡದಿಂದ ತವರಿಗೆ ಬರಬೇಕಾದ ದಿನ ಅದು. ಸೇತುವೆಯವರೆಗೆ ನಡೆಯುವುದು ಅವಳಿಂದಾಗದು. ಮಳೆಯ ಮಬ್ಬಿನಲ್ಲಿ ಆಚೆ ದಡ ಕಾಣುತ್ತಿರಲಿಲ್ಲ. ಬೆಳಗಿನಿಂದ ಕೂಗೂ ಇಲ್ಲ. ಮಗಳ ದಾರಿ ಕಾಯುತ್ತಿದ್ದರೂ ಅಂಬಿಗ ಕೂತಲ್ಲಿಂದ ಏಳಲಿಲ್ಲ.

ಹೆಂಡತಿ ಓಡಿಬಂದಳು. "ಅವಳು ಕೂಗಿರಬಹುದು, ಹೋಗಿ."

"ನನ್ನ ಮಗಳ ದನಿ ನನಗೆ ಕೇಳಿಸುವುದಿಲ್ಲವೇನೇ?"

"ಈಗ ನಿಮ್ಮ ಬೆನ್ನ ಹಿಂದೆಯೇ ನಿಂತು ಮೂರು ಸಲ ಕರೆದೆ. ನೀವು ತಿರುಗಲಿಲ್ಲ."

ಅಂಬಿಗ ದಡಬಡನೆ ಎದ್ದ. ಹರಿಗೋಲು ನೂಕಿದ. ನಡುಹೊಳೆಯಲ್ಲಿ ಸೆಳೆತ ಅದನ್ನು ಗಿರಗಿರನೆ ತಿರುಗಿಸಿತು. ಹೆದರಿದ, ಆದರೆ ಹುಟ್ಟು ಬಿಡಲಿಲ್ಲ. ಅಂತೂ ದಡ ಮುಟ್ಟಿದಾಗ ಮಗಳು ನೋವು ತಿನ್ನುತ್ತ ಮರಕ್ಕೆ ಒರಗಿದ್ದಳು. ಅವಳ ಗಂಡ ಜನರನ್ನು ಕರೆತರಲು ಸೇತುವೆಯ ಕಡೆಗೆ ಓಡಿದ್ದ. ಅಪ್ಪನನ್ನು ಕಂಡು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಬೆಳಗಿನಿಂದ ಕೂಗಿ ಗಂಟಲು ಕಟ್ಟಿಹೋಗಿತ್ತು. ಅವನು ಗೊಳೋ ಎಂದು ಅತ್ತು ಅವಳನ್ನು ಎತ್ತಿಕೊಂಡ. ಸಂಜೆಗೆ ಮುಂಚೆ ತವರಿನಲ್ಲಿ ಹೆರಿಗೆಯಾಯಿತು.

"ಅವನ ಕಿವಿ ಸರಿಹೋಯಿತೇ, ಗುರುಗಳೇ?" ಎಂದ ನಿಜಗುಣ.

"ಎಲ್ಲಿಂದ ಸರಿಹೋಗುತ್ತದೆ! ಆದರೆ ಮಾರನೆಯ ದಿನದಿಂದ ಅವನು ಕೂಗಿಗೆ ಕಾಯದೆ, ದಿನಕ್ಕೆ ಮೂರು ಸಲ ತಾನೇ ಆಚೆ ದಡಕ್ಕೆ ಹೋಗಿಬರತೊಡಗಿದ."

ನಿಜಗುಣ ಇನ್ನೇನೋ ಕೇಳಲು ಹೊರಟ. ಗುರುಗಳು ತಡೆದು ಹೇಳಿದರು:

"ಅಕ್ಕ ಮರೆತದ್ದು ನಿನ್ನ ಹೆಸರನ್ನು, ಅವಳ ಮನೆಯ ದಾರಿ ನಿನಗೆ ಗೊತ್ತಿದೆಯಲ್ಲ?"